ತೊಟ್ಟಿಲು ಮತ್ತು ತಾರೀಖು

ಮುಂಬಯಿಯ ಯಾವ ಕನ್ನಡ ಸಮಾರಂಭಕ್ಕೇ ಹೋಗಿ, ವೇದಿಕೆಯ ಮೇಲೆ ಒಬ್ಬ ಲೇಖಕಿಯೋ ಕಲಾವಿದೆಯೋ ಕುಳಿತಿದ್ದರೆ, ಅವರನ್ನು ಪರಿಚಯಿಸುವ ಮಹನೀಯರ ಬಾಯಿಂದ ಒಂದು ವಾಕ್ಯ ತಪ್ಪದೆ ಹೊರಡುತ್ತದೆ: “ಮನೆ-ಮಕ್ಕಳನ್ನು ಚೆನ್ನಾಗಿ ನೋಡಿಕೊಂಡು, ಉಳಿದ ವೇಳೆಯಲ್ಲಿ ಕಲಾಸೇವೆ ಮಾಡುತ್ತಿದ್ದಾರೆ.” ಸಭೆ ಚಪ್ಪಾಳೆ ತಟ್ಟುತ್ತದೆ. ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೈ ಸೇರುತ್ತವೆ. ಅದೇ ವೇದಿಕೆಯ ಮೇಲೆ ಕುಳಿತ ಕವಿಮಹಾಶಯರನ್ನು ಕುರಿತು ಇಂಥ ಮಾತನ್ನು ಯಾರೂ ಆಡುವುದಿಲ್ಲ. ಅವರ ಮಕ್ಕಳನ್ನು ಯಾರು ನೋಡಿಕೊಂಡರು ಎಂಬುದು ಸಾಹಿತ್ಯಕ್ಕೆ ಸಂಬಂಧಪಟ್ಟ ಪ್ರಶ್ನೆಯೇ ಅಲ್ಲವೆಂದು ನಾವೆಲ್ಲ ಒಪ್ಪಿಕೊಂಡು ಬಿಟ್ಟಂತಿದೆ.

ಆ ಮಾತಿನಲ್ಲಿ ಗೌರವವಿದೆ, ನಿಜ. ಆದರೆ ವಿಮರ್ಶೆಯಿಲ್ಲ. ಆ ‘ಉಳಿದ ವೇಳೆ’ ಎಂಬುದು ಎಷ್ಟು? ಅದು ಹೇಗೆ ಸಿಗುತ್ತದೆ? ಅಂಥ ವೇಳೆಯಲ್ಲಿ ಹುಟ್ಟಿದ ಕೃತಿಯ ಮೈಮೇಲೆ ಅದರ ಗುರುತೇನು? ಇವನ್ನು ಕೇಳದೆ ಕೊಡುವ ಶಾಲು ತಾಯಿಗೆ ಸಲ್ಲುತ್ತದೆಯೇ ಹೊರತು ಕಲಾವಿದೆಗೆ ಸಲ್ಲುವುದಿಲ್ಲ. ಈ ಪ್ರಶ್ನೆಗಳನ್ನು ಇಟ್ಟುಕೊಂಡು ಒಂದು ಹೊಸ ಕಲಾಪ್ರಕಾರವನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಆ ಪ್ರಕಾರದ ಹೆಸರು ವೆಬ್‌ಕಾಮಿಕ್. ಪತ್ರಿಕೆಯಲ್ಲಿ ಬರುತ್ತಿದ್ದ ಮೂರು-ನಾಲ್ಕು ಚೌಕಗಳ ಚಿತ್ರಮಾಲೆ ಈಗ ಕಾಗದವನ್ನು ಬಿಟ್ಟು ಮೊಬೈಲಿನ ಪರದೆಗೆ ಬಂದಿದೆ ಎಂದರೆ ಸಾಕು. ಸಂಪಾದಕರಿಲ್ಲ, ಮುದ್ರಣಾಲಯವಿಲ್ಲ. ಬರೆದವರು ತಾವೇ ಪ್ರಕಟಿಸುತ್ತಾರೆ. ಓದುಗರು ಮುಂದಿನ ಕಂತಿಗೆ ಕಾಯುತ್ತಾರೆ. ನಮ್ಮ ಗೋರೆಗಾಂವಿನಂಥ ಉಪನಗರಗಳ ಕನ್ನಡ ಮನೆಗಳಲ್ಲೂ ಟ್ಯಾಬ್ ಹಿಡಿದು ಚಿತ್ರ ಬರೆಯುವ ಹೆಣ್ಣುಮಕ್ಕಳು, ಸೊಸೆಯಂದಿರು ಇದ್ದಾರೆ. ಅವರಲ್ಲಿ ಹಲವರ ಚಿತ್ರಮಾಲೆ ಚೊಚ್ಚಲ ಹೆರಿಗೆಯ ಹೊತ್ತಿಗೆ ನಿಲ್ಲುತ್ತದೆ. ಕೆಲವರದು ಮತ್ತೆ ಆರಂಭವಾಗುತ್ತದೆ, ಕೆಲವರದು ಆಗುವುದೇ ಇಲ್ಲ. “ಮಗುವಾಯಿತಲ್ಲ, ಇನ್ನು ಚಿತ್ರ-ಗಿತ್ರ ಎಲ್ಲಿ?” ಎಂದು ನಾವು ಸಹಜವಾಗಿ ಹೇಳುತ್ತೇವೆ. ಇದು ಅಷ್ಟು ಸಹಜವೇ ಎಂದು ನೋಡೋಣ.

*

ಮೊದಲು ನಮ್ಮ ಹಿಂದಿನವರ ಕಡೆಗೆ ತಿರುಗಬೇಕು. 1931ರಲ್ಲಿ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮುಂತಾದವರು, ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ಹೊರತಂದರು. ಅದರಲ್ಲಿರುವುದು ಬಹುಮಟ್ಟಿಗೆ ತ್ರಿಪದಿ. ಮೂರು ಸಾಲು, ಅಷ್ಟೇ. ಬೀಸುಕಲ್ಲಿನ ಮುಂದೆ, ತೊಟ್ಟಿಲ ಬದಿಯಲ್ಲಿ ಹೆಣ್ಣುಮಕ್ಕಳು ಕಟ್ಟಿ ಹಾಡಿದ ಪದಗಳು. ತವರು, ಕೂಸು, ಅಣ್ಣ, ಅತ್ತೆ ಎಲ್ಲವೂ ಅದರಲ್ಲಿವೆ.

ಈ ಹಾಡುಗಳ ಭಾವವನ್ನು ಹೊಗಳಿದವರು ಬಹಳ ಮಂದಿ. ನಾನು ಅವುಗಳ ಅಳತೆಯ ಕಡೆಗೆ ಗಮನ ಸೆಳೆಯಬಯಸುತ್ತೇನೆ. ಮೂರೇ ಸಾಲು ಏಕೆ? ಛಂದಸ್ಸಿನ ಪಂಡಿತರು ಅಂಶಗಣದ ಇತಿಹಾಸವನ್ನು ವಿವರಿಸಿಯಾರು. ಅದು ಸರಿಯೇ. ಆದರೆ ಬೀಸುವ ಹೆಂಗಸಿಗೆ ಆ ಮೂರು ಸಾಲು ಏಕೆ ಒಗ್ಗಿತು ಎಂಬುದಕ್ಕೆ ಇನ್ನೊಂದು ಕಾರಣವೂ ಕಾಣುತ್ತದೆ. ಕೂಸು ಯಾವಾಗ ಅಳುತ್ತದೋ ಗೊತ್ತಿಲ್ಲ. ಅತ್ತಾಗ ಹಾಡನ್ನು ಬಿಟ್ಟು ಏಳಲೇಬೇಕು. ನೂರು ಸಾಲಿನ ಕಥನಗೀತೆ ನಡುವೆ ಮುರಿದರೆ ಮುರಿದಂತೆಯೇ. ತ್ರಿಪದಿ ಮುಗಿದಲ್ಲಿಗೆ ಒಂದು ಪೂರ್ತಿ ವಸ್ತು ಕೈಯಲ್ಲಿ ಉಳಿಯುತ್ತದೆ. ಮರಳಿ ಬಂದು ಕುಳಿತಾಗ ಅದರ ಪಕ್ಕಕ್ಕೆ ಇನ್ನೊಂದನ್ನು ಇಡಬಹುದು. ಒಂದೊಂದೂ ಸ್ವತಂತ್ರ, ಒಟ್ಟಾದರೆ ಮಾಲೆ.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವರಿಗೆ ಇದು ಕೂಡಲೆ ಅರ್ಥವಾಗುವ ಸಂಗತಿ. ಶಕ್ತಿ ನೀರಿನ ಧಾರೆಯಂತೆ ಎಡೆಬಿಡದೆ ಹರಿಯುತ್ತದೆಂದು ಒಂದು ಕಾಲದಲ್ಲಿ ತಿಳಿದಿದ್ದರು. 1900ರಲ್ಲಿ ಮ್ಯಾಕ್ಸ್ ಪ್ಲ್ಯಾಂಕ್ ಅದು ಸಣ್ಣ ಸಣ್ಣ ಪೊಟ್ಟಣಗಳಾಗಿ ಬರುತ್ತದೆಂದು ಲೆಕ್ಕ ಹಾಕಿದ. ಎಳೆಗೂಸಿನ ತಾಯಿಯ ಸಮಯವೂ ಪೊಟ್ಟಣಗಳಲ್ಲಿ ಬರುವಂಥದು. ಇಪ್ಪತ್ತು ನಿಮಿಷ, ಹತ್ತು ನಿಮಿಷ, ಕೆಲವೊಮ್ಮೆ ಒಂದು ತಾಸು. ಎರಡು ಪೊಟ್ಟಣಗಳ ನಡುವೆ ಎಷ್ಟು ಅಂತರವೆಂದು ಯಾವ ಸೂತ್ರವೂ ಹೇಳಲಾರದು. ಇಂಥ ಸಮಯಕ್ಕೆ ಹೊಂದುವ ಕಲೆ ಪೊಟ್ಟಣದ ಕಲೆಯೇ ಆಗಬೇಕು. ತ್ರಿಪದಿ ಹಾಗಿತ್ತು. ಮೂರು ಚೌಕದ ಚಿತ್ರಮಾಲೆಯೂ ಹಾಗಿದೆ. ಆದ್ದರಿಂದ ಅದು ಪರದೇಶದಿಂದ ಬಂದ ಫ್ಯಾಷನ್ ಎಂದು ಮೂಗು ಮುರಿಯುವವರು, ನಮ್ಮ ಅಜ್ಜಿಯರ ಬೀಸುಕಲ್ಲನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಹಾಗಾದರೆ ತೊಂದರೆ ಎಲ್ಲಿದೆ? ಬೀಸುಕಲ್ಲಿಗೆ ತಾರೀಖು ಇರಲಿಲ್ಲ. ಇವತ್ತು ಹತ್ತು ಪದ ಕಟ್ಟಿ ನಾಳೆ ಒಂದನ್ನೂ ಕಟ್ಟದಿದ್ದರೆ ಯಾರೂ ಪತ್ರ ಬರೆದು ಕೇಳುತ್ತಿರಲಿಲ್ಲ. ಚಿತ್ರಮಾಲೆ ಹಾಗಲ್ಲ; ಅದು ಓದುಗರಿಗೆ ‘ಪ್ರತಿ ಸೋಮವಾರ’ ಎಂದು ಮಾತು ಕೊಟ್ಟಿರುತ್ತದೆ. ಅಮೇರಿಕೆಯ ಪತ್ರಿಕಾ ಚಿತ್ರಮಾಲೆಗಳ ಪದ್ಧತಿಯಲ್ಲಿ ಕಲಾವಿದರು ವಾರಗಟ್ಟಲೆ ಮುಂಚಿತವಾಗಿ ಕಂತುಗಳನ್ನು ಒಪ್ಪಿಸಿರಬೇಕು. ವೆಬ್‌ಕಾಮಿಕ್‌ಗೆ ಅಂಥ ಯಜಮಾನನಿಲ್ಲದಿದ್ದರೂ ತಾನೇ ಹಾಕಿಕೊಂಡ ವಾರದ ಗಡುವು ಇದೆ. ಕಂತು ತಪ್ಪಿದರೆ ಓದುಗರು ಬೇರೆ ಕಡೆಗೆ ಹೊರಳುತ್ತಾರೆಂಬ ಹೆದರಿಕೆಯೂ ಇದೆ. ಕಲೆಗೂ ಮಗುವಿಗೂ ವೈರವೆಂದು ನಾವು ಭಾವಿಸಿದ್ದೇವೆ. ಶತಮಾನಗಳ ಕಾಲ ತೊಟ್ಟಿಲ ಬದಿಯಲ್ಲೇ ಬೆಳೆದ ಕಲೆಗೆ ಮಗುವಿನೊಡನೆ ಯಾವ ವೈರ? ವೈರವಿರುವುದು ಮಗುವಿಗೂ ತಾರೀಖಿಗೂ.

*

ಮನೆಯ ಸಂಗತಿಯನ್ನು ಮಾಲೆಯಾಗಿ ಹೆಣೆಯುವುದು ನಮ್ಮ ಪತ್ರಿಕೆಗಳಿಗೆ ಹೊಸದಲ್ಲ. 1942ರಲ್ಲಿ ರಾಶಿಯವರು ಆರಂಭಿಸಿ 1967ರವರೆಗೆ ನಡೆಸಿದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ಸರಸು ಎಂಬ ಗೃಹಿಣಿಯನ್ನು ಮತ್ತೆ ಮತ್ತೆ ಕರೆತಂದು ನಗಿಸಿದರು. ಆರ್.ಕೆ. ಲಕ್ಷ್ಮಣ್ ಅವರ ಮೊದಲ ದಿನಗಳ ಗೆರೆಗಳು ಮೂಡಿದ್ದೂ ಆ ಪತ್ರಿಕೆಯಲ್ಲೇ. ಒಂದು ಕಡೆ ಮನೆಯೊಳಗಿನ ನಗೆ, ಇನ್ನೊಂದು ಕಡೆ ಚಿತ್ರದ ಗೆರೆ, ಎರಡೂ ಒಂದೇ ಪತ್ರಿಕೆಯಲ್ಲಿದ್ದವು. ಆದರೆ ಗೃಹಿಣಿಯ ಕಣ್ಣೂ ಚಿತ್ರದ ಗೆರೆಯೂ ಒಬ್ಬ ಹೆಂಗಸಿನಲ್ಲೇ ಕೂಡಿ ಬರಲು ನಾವು ಇನ್ನೂ ಕಾಯಬೇಕಾಯಿತು.

1982ರಲ್ಲಿ ಇದೇ ಮುಂಬಯಿಯ ‘ಸಂಡೆ ಅಬ್ಸರ್ವರ್’ ವಾರಪತ್ರಿಕೆಯಲ್ಲಿ ಮಂಜುಳಾ ಪದ್ಮನಾಭನ್ ಅವರ ‘ಸುಕಿ’ ಕಾಣಿಸಿಕೊಂಡಳು. ಸುಕಿ ಒಂಟಿ ಹುಡುಗಿ. ಅವಳಿಗೆ ತೊಟ್ಟಿಲ ಚಿಂತೆಯಿಲ್ಲ. 1985ರಲ್ಲಿ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ನಲ್ಲಿ ಮಾಯಾ ಕಾಮತ್ ಅವರು ‘ಗೀತಾ’ ಎಂಬ ಚಿತ್ರಮಾಲೆಯನ್ನು ಆರಂಭಿಸಿದರು. ಅದು ಸಂಸಾರದ ಚಿತ್ರಮಾಲೆ. ಮುಂದೆ ಅವರು ರಾಜಕೀಯ ವ್ಯಂಗ್ಯಚಿತ್ರಕ್ಕೆ ಬಂದು, ಹಲವು ಪತ್ರಿಕೆಗಳಲ್ಲಿ ದುಡಿದು, ಈ ದೇಶದಲ್ಲಿ ಬೆರಳೆಣಿಕೆಯಷ್ಟೇ ಮಹಿಳೆಯರಿದ್ದ ಆ ವೃತ್ತಿಯಲ್ಲಿ ಹೆಸರು ಮಾಡಿ, 2001ರಲ್ಲಿ, ಐವತ್ತರ ವಯಸ್ಸಿಗೇ ತೀರಿಕೊಂಡರು. ಬೆಂಗಳೂರಿನ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆ ಅವರ ಹೆಸರಿನಲ್ಲಿ ಪ್ರಶಸ್ತಿಗಳನ್ನು ಕೊಟ್ಟಿದೆ.

ಮಾಯಾ ಕಾಮತರನ್ನು ನೆನೆಯುವವರು ಸಾಮಾನ್ಯವಾಗಿ ಅವರ ರಾಜಕೀಯ ಚಿತ್ರಗಳನ್ನೇ ನೆನೆಯುತ್ತಾರೆ. ‘ಗೀತಾ’ ಏನೋ ಅಂಬೆಗಾಲು, ಆಮೇಲಿನದೇ ನಿಜವಾದ ನಡಿಗೆ ಎಂಬ ಧಾಟಿ. ಈ ತರತಮ ನನಗೆ ಸಮ್ಮತವಿಲ್ಲ. ಮನೆಯಲ್ಲಿ ಯಾರು ಯಾರಿಗೆ ಚಹಾ ಕೊಡುತ್ತಾರೆ, ಯಾರು ಕುಳಿತೇ ಇರುತ್ತಾರೆ, ಕೊನೆಯ ಮಾತು ಯಾರದು ಎಂಬುದನ್ನು ಮೂರು ಚೌಕದಲ್ಲಿ ಕಾಣಿಸಬಲ್ಲ ಕಣ್ಣಿಗೆ ವಿಧಾನಸೌಧ ದೊಡ್ಡದೊಂದು ಅಡುಗೆಮನೆಯಂತೆಯೇ ಕಂಡೀತು. ಅಧಿಕಾರವೆಂಬುದರ ಮೊದಲ ಪಾಠಶಾಲೆ ಮನೆ. ಅಲ್ಲಿ ಕಲಿತವರು ಹೊರಗೆ ಚೆನ್ನಾಗಿ ನೋಡುತ್ತಾರೆ. ಅದನ್ನು ‘ಚಿಕ್ಕದು’ ಎಂದು ಬದಿಗಿಟ್ಟ ವಿಮರ್ಶೆ, ತ್ರಿಪದಿಯನ್ನು ‘ಹೆಂಗಸರ ಹಾಡು’ ಎಂದು ಬದಿಗಿಟ್ಟ ಹಳೆಯ ಪಂಡಿತರ ಸಾಲಿಗೇ ಸೇರುತ್ತದೆ.

ಇಲ್ಲಿ ಓದುಗರಿಗೆ ಒಂದು ಮಾತು. ಮಾಯಾ ಕಾಮತರ ಸಾವಿರಾರು ಚಿತ್ರಗಳನ್ನು ಸಂಗ್ರಹಿಸಿ ಇಟ್ಟ ಸಂಸ್ಥೆ ನಮ್ಮ ಊರಿನದೇ. 1988ರಲ್ಲಿ ತಮಿಳು ಲೇಖಕಿ ಅಂಬೈ, ಅಂದರೆ ಸಿ.ಎಸ್. ಲಕ್ಷ್ಮಿಯವರು, ಗೆಳತಿಯರೊಡನೆ ಸ್ಥಾಪಿಸಿದ ಸ್ಪ್ಯಾರೋ ಎಂಬ ಮಹಿಳಾ ದಾಖಲೆಗಳ ಸಂಗ್ರಹವದು. ಅದು ತನ್ನ ಗೂಡು ಕಟ್ಟಿದ್ದು ದಹಿಸರಿನಲ್ಲಿ. ಗೋರೆಗಾಂವಿನಿಂದ ಮಲಾಡ್, ಕಾಂದಿವಲಿ, ಬೊರಿವಲಿ ದಾಟಿದರೆ ದಹಿಸರ್. ಕನ್ನಡ ನಾಡಿನ ರಾಜಧಾನಿಯಲ್ಲಿ ಚಿತ್ರ ಬರೆದವರ ಗೆರೆಗಳು ನಮ್ಮಿಂದ ನಾಲ್ಕು ಸ್ಟೇಷನ್ನುಗಳಾಚೆ ಆಸರೆ ಪಡೆದವು. ನಾವು, ಇಷ್ಟು ವರ್ಷ ಅದೇ ಲೈನಿನಲ್ಲಿ ನೇತಾಡುತ್ತ ಓಡಾಡಿದವರು, ಈ ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳಿದ್ದು ಕಡಿಮೆ.

*

ಬಾಣಂತಿಯೊಬ್ಬಳು ಚಿತ್ರಮಾಲೆ ನಡೆಸುವುದೆಂದರೇನು ಎಂಬುದಕ್ಕೆ ಹೊರನಾಡಿನ ಎರಡು ಉದಾಹರಣೆಗಳು ಬಹಳ ಸ್ಪಷ್ಟವಾಗಿವೆ. ಎರಡನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರೆ ನಮ್ಮ ಮಾತು ತಿಳಿಯಾಗುತ್ತದೆ.

ಮೊದಲನೆಯದು ಕೆನಡಾದ ಲಿನ್ ಜಾನ್‌ಸ್ಟನ್ ಅವರದು. ಚೊಚ್ಚಲ ಬಸುರಿನಲ್ಲಿ ಪರೀಕ್ಷೆಗೆ ಹೋದಾಗ, ಮಲಗಿದ ಬಸುರಿಯರಿಗೆ ನೋಡಲು ಬರಿಯ ಮಾಡು ಮಾತ್ರ ಎಂಬ ಮಾತು ಬಂತು. ವೈದ್ಯರು ಆ ಮಾಡಿಗೆ ಅಂಟಿಸಲು ಚಿತ್ರ ಬರೆದುಕೊಡೆಂದರು. ಬರೆದರು. ಅವು 1973ರಲ್ಲಿ ಪುಸ್ತಕವಾದವು. ಅದರ ಬಲದಿಂದ 1979ರಲ್ಲಿ ‘ಫಾರ್ ಬೆಟರ್ ಆರ್ ಫಾರ್ ವರ್ಸ್’ ಎಂಬ ದೈನಿಕ ಚಿತ್ರಮಾಲೆ ಆರಂಭವಾಗಿ, 2008ರವರೆಗೆ ಅದರ ಹೊಸ ಕಥೆ ನಡೆಯಿತು. ಎಲ್ಲಿ ಎಂಬ ತಾಯಿ, ದಂತವೈದ್ಯ ಗಂಡ, ಮಕ್ಕಳು. ಇತರ ಹಲವು ಚಿತ್ರಮಾಲೆಗಳಲ್ಲಿ ಮಕ್ಕಳು ಐವತ್ತು ವರ್ಷವಾದರೂ ಎರಡನೆಯ ಇಯತ್ತೆಯಲ್ಲೇ ಇರುತ್ತಾರೆ. ಇಲ್ಲಿ ಮಾತ್ರ ಪಾತ್ರಗಳು ಓದುಗರ ಜೊತೆಗೇ ಬೆಳೆದವು: ಕೂಸು ಶಾಲೆಗೆ ಹೋಯಿತು, ಕಾಲೇಜು ಮುಗಿಸಿತು, ಮದುವೆಯಾಯಿತು, ಮನೆಯ ನಾಯಿ ಮುದಿಯಾಗಿ 1995ರಲ್ಲಿ ಸತ್ತಾಗ ಓದುಗರು ಕಣ್ಣೀರಿಟ್ಟರು. 1985ರಲ್ಲಿ ಅಮೇರಿಕದ ವ್ಯಂಗ್ಯಚಿತ್ರಕಾರರ ಅತ್ಯುಚ್ಚ ಗೌರವವಾದ ರೂಬೆನ್ ಪ್ರಶಸ್ತಿಯನ್ನು ಪಡೆದ ಮೊದಲ ಮಹಿಳೆ ಅವರೇ.

ಇದರ ಗುಣ ಕಾಲದ ಅರಿವು. ಮಗುವನ್ನು ಸಾಕಿದವರಿಗಲ್ಲದೆ, ದಿನ ಉದ್ದ, ವರ್ಷ ಗಿಡ್ಡ ಎಂಬ ಈ ವಿಚಿತ್ರ ಲೆಕ್ಕ ಬೇರೆ ಯಾರಿಗೆ ತಿಳಿದೀತು? ಆದರೆ ಇದು ತಾರೀಖಿಗೆ ಪೂರ್ತಿ ಬಾಗಿದ ಕೃತಿಯೂ ಹೌದು. ದಿನಕ್ಕೊಂದು ಕಂತು ಬೇಕು, ಕಂತಿಗೊಂದು ನಗೆ ಬೇಕು. ಹಾಗಾಗಿ ಎಷ್ಟೋ ದಿನ ಅದು ಚೆಲ್ಲಿದ ಹಾಲು, ಒದ್ದೆ ಬಟ್ಟೆ, ಕೈಲಾಗದ ಗಂಡ ಎಂಬ ಸಿದ್ಧ ಸರಕಿನಿಂದಲೇ ಹೊಟ್ಟೆ ತುಂಬಿಸಿಕೊಳ್ಳುತ್ತದೆ.

ಎರಡನೆಯದು ನಮ್ಮ ಕಾಲದ್ದು. ಅಮೇರಿಕದ ಲೂಸಿ ನೈಸ್ಲಿ ಅವರು ಎರಡು ಪುಸ್ತಕ ಮಾಡಿದ್ದಾರೆ. 2019ರ ‘ಕಿಡ್ ಗ್ಲವ್ಸ್’ ಬಣ್ಣದ ದೀರ್ಘ ಕಥನ. ಗರ್ಭಪಾತದ ದುಃಖ, ಹೆರಿಗೆಯಲ್ಲಿ ನಂಜೇರಿ ಸಾವಿನ ಬಾಗಿಲಿಗೆ ಹೋಗಿ ಬಂದದ್ದು, ಹೆರಿಗೆಯ ವೈದ್ಯದ ಇತಿಹಾಸ ಎಲ್ಲವೂ ಅದರಲ್ಲಿವೆ. 2020ರಲ್ಲಿ ಬಂದ ‘ಗೋ ಟು ಸ್ಲೀಪ್, ಐ ಮಿಸ್ ಯೂ’ ಇದಕ್ಕೆ ತದ್ವಿರುದ್ಧ. ಮಗುವಿನ ಎಳೆತನದಲ್ಲಿ ಸಿಕ್ಕಸಿಕ್ಕ ಗಳಿಗೆಯಲ್ಲಿ ಗೀಚಿ ಅಂತರ್ಜಾಲದಲ್ಲಿ ಹಾಕುತ್ತ ಬಂದ ಬಣ್ಣವಿಲ್ಲದ ಸಣ್ಣ ಚಿತ್ರಗಳವು. ಮಗ ನಿದ್ದೆ ಮಾಡಲೆಂದು ಹಂಬಲಿಸಿ, ಮಾಡಿದ ಮೇಲೆ ಅವನಿಲ್ಲದೆ ಬೇಸರಪಡುವ ತಾಯಿಯ ಮನಸ್ಸು ಆ ಹೆಸರಿನಲ್ಲೇ ಇದೆ. ಮೊದಲ ಪುಸ್ತಕದ ಗೆರೆ ತಿದ್ದಿ ತೀಡಿದ್ದು, ಎರಡನೆಯದು ಅವಸರದ್ದು. ಆದರೆ ಬಾಣಂತಿಯ ದಿನಚರಿಯ ನಿಜ ಎರಡನೆಯದರಲ್ಲೇ ಹೆಚ್ಚು ಹಿಡಿಸಿದೆಯೆಂದು ನನ್ನ ಅಭಿಪ್ರಾಯ. ಅಲ್ಲಿ ಕೈಯ ಆಯಾಸ ಗೆರೆಯಲ್ಲೇ ಕಾಣುತ್ತದೆ. ಅರ್ಧಕ್ಕೆ ಬಿಟ್ಟದ್ದು ಅರ್ಧಕ್ಕೆ ಬಿಟ್ಟಂತೆಯೇ ಇದೆ. ಅದು ತ್ರಿಪದಿಯ ಜಾತಿಯದು.

ಆದ್ದರಿಂದ ತಾಯ್ತನ ಬಂದಾಗ ಗೆರೆ ಕೆಟ್ಟಿತು, ಬಣ್ಣ ಹೋಯಿತು ಎಂದು ಗೊಣಗುವ ಓದುಗರು ಸ್ವಲ್ಪ ನಿಲ್ಲಬೇಕು. ಕೆಲಸ ಕಡಿಮೆ ಮಾಡಿಕೊಂಡೇ ಕೃತಿಯನ್ನು ಮೊನಚಾಗಿಸುವುದು ಈ ಪ್ರಕಾರದಲ್ಲಿ ಸಾಧ್ಯ. ಬೆಂಗಳೂರಿನಿಂದಲೇ 2014ರಲ್ಲಿ ಹೊರಟ ಎರಡು ವೆಬ್‌ಕಾಮಿಕ್‌ಗಳನ್ನು ನೋಡಿ. ರಚಿತಾ ತನೇಜಾ ಅವರ ‘ಸ್ಯಾನಿಟರಿ ಪ್ಯಾನೆಲ್ಸ್’ನಲ್ಲಿ ಕಡ್ಡಿಯಂಥ ಮನುಷ್ಯರಷ್ಟೇ ಇದ್ದಾರೆ, ಆ ಕಡ್ಡಿಗಳು ಸುಪ್ರೀಂ ಕೋರ್ಟಿನವರೆಗೆ ಸದ್ದು ಮಾಡಿದವು. ಆರತಿ ಪಾರ್ಥಸಾರಥಿಯವರ ‘ರಾಯಲ್ ಎಕ್ಸಿಸ್ಟೆನ್ಷಿಯಲ್ಸ್’ ಹಳೆಯ ದರಬಾರಿ ಚಿತ್ರಗಳಿಗೆ ಹೊಸ ಮಾತು ಹಾಕಿತು. ಇವು ತಾಯ್ತನದ ಕೃತಿಗಳಲ್ಲ. ಆದರೆ ಬಿಡುವು ಕಡಿಮೆ ಇದ್ದವರು ಕಲಿಯಬಹುದಾದ ಮಿತವ್ಯಯ ಇವುಗಳಲ್ಲಿದೆ.

*

ಇಷ್ಟಾದರೂ ತಾರೀಖಿನ ಪ್ರಶ್ನೆ ಹಾಗೆಯೇ ಉಳಿಯಿತು. ಇಲ್ಲಿ ನನ್ನ ಗುಮಾಸ್ತಗಿರಿಯ ಜ್ಞಾನವನ್ನು ಸ್ವಲ್ಪ ಉಪಯೋಗಿಸಲು ಓದುಗರ ಅಪ್ಪಣೆ ಬೇಡುತ್ತೇನೆ.

ಕೇಂದ್ರ ಸರ್ಕಾರದ ನೌಕರಿಯಲ್ಲಿರುವ ಹೆಂಗಸರಿಗೆ ಹೆರಿಗೆ ರಜೆ ಒಂದು ಕಾಲಕ್ಕೆ 90 ದಿನವಿತ್ತು. ಅದು 1997ರಲ್ಲಿ 135 ಆಯಿತು, 2008ರಲ್ಲಿ 180 ಆಯಿತು. ಅದೇ 2008ರಲ್ಲಿ ಮಕ್ಕಳ ಪಾಲನೆಗೆಂದು ಇಡೀ ಸೇವಾವಧಿಯಲ್ಲಿ 730 ದಿನಗಳ ಬೇರೆ ರಜೆಯೂ ಬಂತು. ಗಂಡಸರಿಗೆ 1997ರಿಂದ 15 ದಿನ. ಖಾಸಗಿ ಕಂಪನಿಗಳ ಹೆಂಗಸರಿಗೆ 1961ರ ಕಾಯಿದೆಯನ್ನು 2017ರಲ್ಲಿ ತಿದ್ದಿ 26 ವಾರ ಕೊಟ್ಟರು. ಈ ಅಂಕಿಗಳ ಹಿಂದೆ ಒಂದು ತತ್ವವಿದೆ: ಹೆತ್ತವಳು ಕೆಲಸಕ್ಕೆ ಬಾರದಿದ್ದರೆ ಅದು ಗೈರುಹಾಜರಿಯಲ್ಲ, ಹಕ್ಕು. ಮರಳಿ ಬಂದಾಗ ಅವಳ ಮೇಜು, ಅವಳ ಹುದ್ದೆ, ಅವಳ ಸೀನಿಯಾರಿಟಿ ಇದ್ದಲ್ಲೇ ಇರಬೇಕು.

ಚಿತ್ರಮಾಲೆ ಬರೆಯುವವಳಿಗೆ ಈ ರಜೆಯನ್ನು ಯಾರು ಮಂಜೂರು ಮಾಡುತ್ತಾರೆ? ಅವಳಿಗೆ ಯಜಮಾನನಿಲ್ಲ. ಯಜಮಾನನಿಲ್ಲದವರಿಗೆ ರಜೆಯೂ ಇಲ್ಲ. ಅವಳ ಮಟ್ಟಿಗೆ ಮಂಜೂರು ಮಾಡುವ ಅಧಿಕಾರಿಗಳು ಇಬ್ಬರೇ: ಓದುಗರು ಮತ್ತು ಮನೆಯವರು.

ಓದುಗರ ಮಾತಿಗೆ ಬರೋಣ. ಅಮೇರಿಕದ ಹೆಸರಾಂತ ಚಿತ್ರಮಾಲೆಗಾರ ಗ್ಯಾರಿ ಟ್ರುಡೋ 1983ರಿಂದ 1984ರವರೆಗೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ತಮ್ಮ ‘ಡೂನ್ಸ್‌ಬರಿ’ಯನ್ನು ನಿಲ್ಲಿಸಿದರು. ‘ಕ್ಯಾಲ್ವಿನ್ ಅಂಡ್ ಹಾಬ್ಸ್’ ಬರೆದ ಬಿಲ್ ವಾಟರ್‌ಸನ್ 1991ರಲ್ಲೊಮ್ಮೆ, 1994ರಲ್ಲೊಮ್ಮೆ ತಿಂಗಳುಗಟ್ಟಲೆ ವಿರಾಮ ಪಡೆದರು. ವಾಟರ್‌ಸನ್ ವಿರಾಮದಲ್ಲಿದ್ದಾಗ ಪತ್ರಿಕೆಗಳು ಹಳೆಯ ಕಂತುಗಳನ್ನೇ ಮತ್ತೆ ಹಾಕಿದವು. ಮರಳಿ ಬಂದಾಗ ಇಬ್ಬರನ್ನೂ ಓದುಗರು ಆದರದಿಂದ ಬರಮಾಡಿಕೊಂಡರು. ಇವರಿಬ್ಬರೂ ಗಂಡಸರು, ದಣಿದ ಮನಸ್ಸಿಗೆ ಬಿಡುವು ಬೇಕಿತ್ತು, ಪಡೆದರು. ತಪ್ಪೇನೂ ಇಲ್ಲ. ‘ಕ್ಯಾಥಿ’ ಎಂಬ ಮಾಲೆಯನ್ನು 1976ರಿಂದ ನಡೆಸಿದ ಕ್ಯಾಥಿ ಗೈಸ್‌ವೈಟ್ 1992ರಲ್ಲಿ ಹೆಣ್ಣುಮಗುವೊಂದನ್ನು ದತ್ತು ತೆಗೆದುಕೊಂಡು, ಮಾಲೆಯನ್ನೂ ಎಳೆದುಕೊಂಡು ಹೋಗಿ, ಕೊನೆಗೆ 2010ರಲ್ಲಿ ಮಗಳಿಗೂ ವಯಸ್ಸಾದ ತಂದೆತಾಯಿಗಳಿಗೂ ವೇಳೆ ಬೇಕೆಂದು ಅದನ್ನು ಮುಗಿಸಿಯೇ ಬಿಟ್ಟರು. ಗಂಡಸರ ಕಥೆಯಲ್ಲಿ ವಿರಾಮ, ಹೆಂಗಸಿನ ಕಥೆಯಲ್ಲಿ ಮುಕ್ತಾಯ. ಎರಡು-ಮೂರು ಉದಾಹರಣೆಗಳಿಂದ ನಿಯಮ ಕಟ್ಟಬಾರದೆಂಬುದು ವಿಜ್ಞಾನದ ವಿದ್ಯಾರ್ಥಿಗೆ ಗೊತ್ತು. ಆದರೆ ಈ ವ್ಯತ್ಯಾಸ ಯೋಚನೆಗೆ ಹಚ್ಚುವಂಥದು.

*

ಇನ್ನು ಕೃತಿಯೊಳಗಿನ ಮಾತು. ತಾಯ್ತನದ ಚಿತ್ರಮಾಲೆಗಳ ಮೇಲೆ ನನ್ನ ದೊಡ್ಡ ಆಕ್ಷೇಪ, ಅವು ಬಹುಪಾಲು ಸಿಹಿಯಾಗಿವೆ ಎಂಬುದು. ನಿದ್ದೆಯಿಲ್ಲ ಎನ್ನುತ್ತವೆ, ನಗುತ್ತವೆ. ತಲೆ ಬಾಚಿಲ್ಲ ಎನ್ನುತ್ತವೆ, ನಗುತ್ತವೆ. ನಗೆ ಬೇಕು. ಆದರೆ ಅದರ ತಳದಲ್ಲಿರುವ ಕತ್ತಲೆ?

ಕನ್ನಡದ ಓದುಗರಿಗೆ ಈ ಕತ್ತಲೆ ಅಪರಿಚಿತವಲ್ಲ. ‘ಬಾಣಂತಿ ಸನ್ನಿ’ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಎಂದಿನಿಂದಲೂ ಇದೆ. ಅದನ್ನು ಕಾದಂಬರಿಯ ನಡುಮನೆಗೆ ತಂದವರು ತ್ರಿವೇಣಿಯವರು. ‘ಶರಪಂಜರ’ದ ಕಾವೇರಿಗೆ ಹೆರಿಗೆಯ ನಂತರ ಮನಸ್ಸು ಕದಡುತ್ತದೆ. ಚಿಕಿತ್ಸೆಯಿಂದ ಗುಣಹೊಂದಿ ಮರಳುತ್ತಾಳೆ. ಮನೆ ಮಾತ್ರ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ. ಅವಳ ಪ್ರತಿ ಮಾತಿನಲ್ಲೂ ಹುಚ್ಚಿನ ಎಳೆ ಹುಡುಕುವ ಆ ಮನೆಯವರ ಕಣ್ಣುಗಳೇ ಶರಗಳ ಪಂಜರ. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಿತ್ರವಾಗಿಸಿದಾಗ ಕಲ್ಪನಾ ಅವರ ಅಭಿನಯವನ್ನು ನೋಡಿದ ನಮ್ಮ ಹಿರಿಯರು ಇಂದಿಗೂ ಮರೆತಿಲ್ಲ. ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾದಂಬರಿ ಬರೆದ ತ್ರಿವೇಣಿಯವರು ಸ್ವತಃ 1963ರ ಜುಲೈ ತಿಂಗಳಲ್ಲಿ ಹೆಣ್ಣುಮಗುವನ್ನು ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡರು. 35 ವರ್ಷ ತುಂಬಿರಲಿಲ್ಲ. ತಾಯ್ತನವನ್ನು ಹೂವಿನ ಹಾರವೆಂದಷ್ಟೇ ಬರೆಯುವವರು ಈ ಒಂದು ಜೀವನವನ್ನು ಎದುರಿಗಿಟ್ಟುಕೊಂಡು ಬರೆಯಲಿ.

ಚಿತ್ರಮಾಲೆಯ ಮೂರು ಚೌಕದಲ್ಲಿ ಅಷ್ಟು ಭಾರ ಹಿಡಿಸೀತೇ ಎಂದು ಕೇಳಬಹುದು. ಗರತಿಯ ಮೂರು ಸಾಲಿನಲ್ಲಿ ತವರು ತಪ್ಪಿದ ದುಃಖ, ಬಂಜೆಯೆನಿಸಿಕೊಂಡವಳ ಬೇಗೆ ಹಿಡಿಸಿದ್ದು ಹೇಗೆ? ಅಳತೆ ಚಿಕ್ಕದೆಂಬುದು ನೆಪವಾಗಬಾರದು. ನೈಸ್ಲಿಯವರ ಮೊದಲ ಪುಸ್ತಕ ಸಾವಿನ ಸಮೀಪದವರೆಗೆ ಹೋಗಿ ಬಂದಿದೆ; ಅದೇ ಧೈರ್ಯ ವಾರದ ಕಂತಿನಲ್ಲೂ ಆಗಾಗ ಇಣುಕಿದರೆ ಆ ಮಾಲೆ ಗ್ರೀಟಿಂಗ್ ಕಾರ್ಡ್ ಆಗುವುದು ತಪ್ಪುತ್ತದೆ.

ಇನ್ನೊಂದು ಎಚ್ಚರ ಮಗುವಿನ ಬಗೆಗೆ. ಇಂದು ತೊಡೆಯ ಮೇಲಿರುವ ಕೂಸು ನಾಳೆ ಹದಿನೈದರ ಹುಡುಗನಾಗಿ, ತನ್ನ ಒದ್ದೆ ಲಂಗೋಟಿಯನ್ನು ಲೋಕವೆಲ್ಲ ನೋಡಿ ನಕ್ಕಿತೆಂದು ತಿಳಿಯುತ್ತಾನೆ. ಕಾಗದದ ಪತ್ರಿಕೆ ರದ್ದಿಗೆ ಹೋಗುತ್ತಿತ್ತು. ಅಂತರ್ಜಾಲಕ್ಕೆ ರದ್ದಿವಾಲಾ ಇಲ್ಲ. ಜಾನ್‌ಸ್ಟನ್ ತಮ್ಮ ಮಕ್ಕಳ ಎರಡನೆಯ ಹೆಸರುಗಳನ್ನಷ್ಟೇ ಪಾತ್ರಗಳಿಗಿಟ್ಟರು. ನೈಸ್ಲಿ ಮಗನನ್ನು ‘ಗೆಳೆಯ’ ಎಂಬರ್ಥದ ‘ಪಾಲ್’ ಎಂಬ ಮುದ್ದಿನ ಹೆಸರಿನಿಂದ ಕರೆದರು. ಇದು ಸಣ್ಣ ಉಪಾಯ, ದೊಡ್ಡ ವಿವೇಕ. ಮಗುವನ್ನು ನಗೆಯ ಗುರಿ ಮಾಡುವ ಕಂತಿಗಿಂತ, ಮಗುವಿನ ಸುತ್ತ ನಿಂತ ದೊಡ್ಡವರ ಪೇಚಾಟವನ್ನು ಗುರಿ ಮಾಡುವ ಕಂತು ಎಂದಿಗೂ ಮೇಲು. ಸುನಂದಮ್ಮನವರ ನಗೆ ಅದಕ್ಕೇ ಇಂದಿಗೂ ಹಳಸಿಲ್ಲ.

*

ಕೊನೆಯದಾಗಿ ಮನೆಯವರ ಮಾತು, ಅಂದರೆ ನಮ್ಮ ಮಾತು. ಊರಿನಲ್ಲಾದರೆ ಬಾಣಂತನಕ್ಕೆ ಹತ್ತು ಕೈಗಳಿರುತ್ತವೆ. ಮುಂಬಯಿಯಲ್ಲಿ ಹಾಗಿಲ್ಲ. ಕುಂದಾಪುರದಿಂದಲೋ ಧಾರವಾಡದಿಂದಲೋ ಅಮ್ಮ ಲೇಹ್ಯದ ಡಬ್ಬಿಯೊಡನೆ ರೈಲು ಹತ್ತಿ ಬರುತ್ತಾರೆ; ಮೂರು ತಿಂಗಳು ಎಣ್ಣೆ-ನೀರು, ಮೆಣಸಿನ ಸಾರು. ಆಮೇಲೆ ಅವರಿಗೆ ತಮ್ಮ ಮನೆ, ತೋಟ, ಯಜಮಾನರ ಸಕ್ಕರೆ ಕಾಯಿಲೆ. ಅವರು ಹೊರಟ ಮಾರನೆಯ ದಿನದಿಂದ ಒಂದು ಖೋಲಿ, ಒಂದು ಕೂಸು, ಒಬ್ಬಳು ತಾಯಿ. ಗಂಡ ಬೆಳಿಗ್ಗೆ ಲೋಕಲ್ ಹಿಡಿದರೆ ಮರಳುವುದು ರಾತ್ರಿಯ ಊಟಕ್ಕೆ. ಆ ದಿನಗಳಲ್ಲೇ ಚಿತ್ರಮಾಲೆಗಳು ಸಾಯುವುದು.

ಅವು ಸಾಯದಿರಲು ಬೇಕಾದದ್ದು ಬಹಳವಲ್ಲ. ದಿನಕ್ಕೊಂದು ತಾಸು, ನಿಶ್ಚಿತವಾದ ತಾಸು, ಮಗುವನ್ನು ಎತ್ತಿಕೊಳ್ಳುವ ಇನ್ನೊಂದು ಜೊತೆ ಕೈ. ಅದು ಗಂಡನದಾಗಲಿ, ಅತ್ತೆಯದಾಗಲಿ, ನಿವೃತ್ತರಾಗಿ ಪೇಪರ್ ಓದುತ್ತ ಕುಳಿತ ಮಾವನವರದಾಗಲಿ. ‘ಸಿಕ್ಕರೆ ಬರೆಯಲಿ’ ಎಂಬ ಔದಾರ್ಯ ಸಾಲದು. ನಮ್ಮ ಕಚೇರಿಯ ರಜೆಯಂತೆ ಅದು ಲೆಕ್ಕಕ್ಕೆ ಬಂದ ತಾಸಾಗಬೇಕು, ಕೇಳಿ ಪಡೆಯಬೇಕಾದ ತಾಸಾಗಬಾರದು. ಬರೆಯುವವಳೂ ತನ್ನ ಓದುಗರಿಗೆ ‘ಪ್ರತಿ ಸೋಮವಾರ’ ಎಂಬ ಮಾತನ್ನು ಕೊಡುವ ಬದಲು ‘ಆದಾಗ’ ಎಂದು ಹೇಳುವ ಧೈರ್ಯ ಮಾಡಲಿ. ಹೆರಿಗೆಗೆ ಮುಂಚೆಯೇ ಕೆಲವು ಕಂತುಗಳನ್ನು ಉಪ್ಪಿನಕಾಯಿಯಂತೆ ಜಾಡಿಯಲ್ಲಿ ಹಾಕಿಡಲಿ. ಹಳೆಯವನ್ನು ನಿಸ್ಸಂಕೋಚವಾಗಿ ಮತ್ತೆ ಹಾಕಲಿ. ಓದುಗರಾದ ನಾವು ಕಾಯಲು ಕಲಿಯೋಣ. ದೀಪಾವಳಿ ಸಂಚಿಕೆಗೆ ವರ್ಷವಿಡೀ ಕಾದವರು ನಾವು.

ಮತ್ತು ನಮ್ಮ ಸಂಘಗಳ ಕಾರ್ಯಕಾರಿ ಸಮಿತಿಗಳಿಗೆ ಒಂದು ವಿನಂತಿ. ಮುಂದಿನ ಸಲ ಇಂಥ ಕಲಾವಿದೆಯೊಬ್ಬರನ್ನು ಕರೆದಾಗ, ಸನ್ಮಾನ ಪತ್ರ ಓದುವ ಮೊದಲು ಅವರ ಹತ್ತು ಕಂತುಗಳನ್ನು ಗೋಡೆಯ ಮೇಲೆ ತೋರಿಸಿ. ಯಾವುದು ಚೆನ್ನ, ಯಾವುದು ಸಪ್ಪೆ, ಯಾಕೆ ಎಂದು ಸಭೆಯಲ್ಲಿ ಚರ್ಚೆಯಾಗಲಿ. ಆ ಹೊತ್ತಿನಲ್ಲಿ ಅವರ ಮಗುವನ್ನು ಎತ್ತಿಕೊಂಡು ವರಾಂಡದಲ್ಲಿ ತಿರುಗಾಡಿಸಲು ಸಮಿತಿಯ ಒಬ್ಬ ಸದಸ್ಯರನ್ನು ನೇಮಿಸಿ. ಶಾಲು ಆಮೇಲೆ ಹೊದಿಸಿದರೂ ನಡೆದೀತು.